ಕಡಲಿಗೆ ಇಟ್ಟ ಕಡಗೋಲು

ಕಡಲನ್ನು ಕಡೆಯಬಹುದು ಎಂದು ಮೊದಲು ಯಾರ ತಲೆಗೆ ಹೊಳೆಯಿತೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವನ ಮನೆ ಹುಡುಕಿಕೊಂಡು ಹೋಗಿ ನಾಲ್ಕು ಮಾತು ಆಡಿ ಬರುತ್ತಿದ್ದೆ. ಆದರೆ ಇಂಥದ್ದನ್ನು ಯೋಚಿಸಿದವರು ಯಾವತ್ತೂ ಕೈಗೆ ಸಿಗುವುದಿಲ್ಲ. ಸಿಗುವವರೆಲ್ಲ 'ಅದು ನನ್ನ ವಿಭಾಗವಲ್ಲ' ಎನ್ನುವವರು. ಅಂಥವರ ನಡುವೆಯೇ ಕೂತು ಕೆಲಸ ಮಾಡಿದವಳು ನಾನು, ಕುಮುದಾ ಬಡಿಗೇರ, ಊರು ಹುಬ್ಬಳ್ಳಿ.

ಕೆಲಸ ಇದ್ದದ್ದು ಉತ್ತರ ಧ್ರುವದ ಕಡಲಂಚಿನ ಸ್ಕಾರ್ವಿಕ್ ಎಂಬ ಕೊಲ್ಲಿಯಲ್ಲಿ. ಉತ್ತರಪಥ ಎಂಬ ಹಡಗುದಾರಿ ಕಂಪನಿ. ಅದರ ನಿಯಂತ್ರಣ ಕೊಠಡಿಯಲ್ಲಿ ಕೂತು ಕಡಲಿನ ಯಾವ ಪದರದಲ್ಲಿ ಉಪ್ಪೆಷ್ಟು, ಶಾಖವೆಷ್ಟು ಎಂದು ಪರದೆಯ ಮೇಲೆ ನೋಡುವುದು ನನ್ನ ಪಾಲಿನ ಕೆಲಸ.

ಧ್ರುವದ ಕಡಲೆಂದರೆ ಒಂದು ವಿಚಿತ್ರ ಹಂಡೆ. ನಮ್ಮ ಬಚ್ಚಲಿನ ಹಂಡೆಯಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ. ಅಲ್ಲಿ ಎಲ್ಲ ತಿರುಗಾಮುರುಗಾ. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗುತ್ತದೆ, ನದಿಗಳು ತುಂಬಿ ಬಂದು ಕಡಲಿಗೆ ಬೀಳುತ್ತವೆ. ಆ ಸಿಹಿನೀರು ಹಗುರ, ಹಾಲಿನ ಕೆನೆಯಂತೆ ಮೇಲೆಯೇ ನಿಲ್ಲುತ್ತದೆ. ದಕ್ಷಿಣಕ್ಕಿರುವ ಅಟ್ಲಾಂಟಿಕ್ ಕಡೆಯಿಂದ ಹರಿದುಬರುವ ನೀರು ಬೆಚ್ಚಗಿದ್ದರೂ ಉಪ್ಪಿನಿಂದ ಭಾರ, ಅದು ಆ ಕೆನೆಯ ಅಡಿಗೆ ನುಸುಳಿ ಮಲಗುತ್ತದೆ. ಬೆಚ್ಚಗೆ ಎಂದರೆ ಎರಡು ಮೂರು ಡಿಗ್ರಿ ಅಷ್ಟೇ, ಆದರೆ ಮಂಜುಗಡ್ಡೆಯ ಪಾಲಿಗೆ ಅದೇ ಕುದಿನೀರು. ಚಳಿಗಾಲದಲ್ಲಿ ಮೇಲಿನ ನೀರು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ತನ್ನೊಳಗಿನ ಚೂರುಪಾರು ಉಪ್ಪನ್ನೂ ಹಿಂಡಿ ಕೆಳಕ್ಕೆ ಬಿಡುತ್ತದೆ. ಬೇಸಿಗೆಗೆ ಕರಗಿ ಮತ್ತೆ ಕೆನೆಯಾಗುತ್ತದೆ. ಕೆಳಗಿನ ಶಾಖ ಮೇಲಿನ ಗಡ್ಡೆಯನ್ನು ಮುಟ್ಟದಂತೆ ನಡುವೆ ನಿಂತು ಕಾಯುವುದು ಈ ಸಿಹಿನೀರಿನ ಪದರ ಒಂದೇ.

ಕಂಪನಿ ಆ ಪದರವನ್ನೇ ಒಡೆಯಿತು. ಹಡಗುದಾರಿಯ ಉದ್ದಕ್ಕೂ ತೇಲುಕಂಬಗಳನ್ನು ನಿಲ್ಲಿಸಿ, ಒಂದೊಂದರ ಅಡಿಗೂ ಆಳದವರೆಗೆ ಇಳಿಯುವ ದೈತ್ಯ ರೆಕ್ಕೆಗಳನ್ನು ಕಟ್ಟಿತು. ಚಳಿಗಾಲವಿಡೀ ಅವು ತಿರುಗುತ್ತವೆ, ಕೆಳಗಿನ ಬೆಚ್ಚನೆಯ ಉಪ್ಪುನೀರನ್ನು ಮೇಲಕ್ಕೆ ತರುತ್ತವೆ, ಆ ದಾರಿಯಲ್ಲಿ ಗಡ್ಡೆ ಕಟ್ಟುವುದೇ ಇಲ್ಲ. ಹಡಗುಗಳು ಡಿಸೆಂಬರಿನಲ್ಲೂ ಓಡಾಡುತ್ತವೆ. ಕಂಪನಿಯವರು ಆ ಯಂತ್ರಕ್ಕೆ 'ಲಂಬ ಮಿಶ್ರಕ' ಎಂದು ಹೆಸರಿಟ್ಟಿದ್ದರು. ನಮ್ಮ ಕಾಲನಿಯ ಹೆಂಗಸರು ನೋಡಿದ ದಿನವೇ ಕಡಗೋಲು ಎಂದರು, ಆಮೇಲೆ ಎಲ್ಲರ ಬಾಯಲ್ಲೂ ಅದೇ ನಿಂತಿತು.

ನಮ್ಮ ಕಾಲನಿ ಎಂದರೆ ಗದಗ, ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಗುತ್ತಿಗೆ ಮೇಲೆ ಬಂದವರದು. ಬೆಸುಗೆ ಹಾಕುವವರು, ಅಡಿಗೆಯವರು, ಲಾಂಡ್ರಿಯವರು. ಕೊಲ್ಲಿಯ ಪಡುವಣ ದಡದಲ್ಲಿ ನಮ್ಮ ಮನೆಗಳು, ನನ್ನ ನಿಯಂತ್ರಣ ಕೊಠಡಿಯೂ ಅಲ್ಲೇ ಗುಡ್ಡದ ಮೇಲೆ. ಯಾರ್ಡು, ದೊಡ್ಡ ಅಡಿಗೆಮನೆ, ಲಾಂಡ್ರಿ, ಆಸ್ಪತ್ರೆ ಎಲ್ಲ ಮೂಡಣ ದಡದಲ್ಲಿ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಬಸ್ಸು. ಆ ಬಸ್ಸು ಓಡಿಸುವವನು ನನ್ನ ಗಂಡ ರಾಚಪ್ಪ. ಊರಿನಲ್ಲಿ ಧಾರವಾಡದ ಬಸ್ಸಿನ ಸ್ಟೇರಿಂಗ್ ಹಿಡಿದಿದ್ದವನು ನನ್ನ ಹಿಂದೆ ಬಂದು, ಇಲ್ಲಿ ಹಿಮದ ಮೇಲಿನ ಲೈಸೆನ್ಸು ತೆಗೆದುಕೊಂಡ. ಮನೆಯಲ್ಲಿ ರೀ ಎನ್ನುವವಳು ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ, ಅವನೇನೂ ತಪ್ಪು ತಿಳಿಯುವುದಿಲ್ಲ.

ಆ ಕೊಲ್ಲಿಯಲ್ಲಿ ತಲೆತಲಾಂತರದಿಂದ ಮೀನು ಹಿಡಿದುಕೊಂಡಿದ್ದ ಕೆಲವು ಮನೆತನಗಳಿದ್ದವು. ಗಡ್ಡೆಯ ಮೇಲೆ ಗಾಡಿ ಹೊಡೆಯುವುದಕ್ಕೆ ಅವರದೊಂದು ಕಟ್ಟುಪಾಡಿತ್ತು. ಬೆಳಿಗ್ಗೆ ಬೈರಿಗೆಯಿಂದ ತೂತು ಕೊರೆದು ದಪ್ಪ ನೋಡದೆ ಯಾರೂ ಹೆಜ್ಜೆ ಇಡುವುದಿಲ್ಲ. ಗಾಡಿ ಗಡ್ಡೆಗೆ ಇಳಿದ ಮೇಲೆ ಬಾಗಿಲು ತೆರೆದಿರಬೇಕು, ಸೀಟಿನ ಬೆಲ್ಟು ಬಿಚ್ಚಿರಬೇಕು. ಗಡ್ಡೆ ಒಡೆದರೆ ಹೊರಗೆ ಹಾರಲು ಸಿಗುವುದು ಒಂದು ಉಸಿರಿನಷ್ಟು ಹೊತ್ತು, ಅದನ್ನು ಕೊಂಡಿಯ ಜೊತೆ ಗುದ್ದಾಡುತ್ತ ಕಳೆಯಬಾರದು. ಮೊದಲ ವರ್ಷಗಳಲ್ಲಿ ರಾಚಪ್ಪನೂ ಹಾಗೆಯೇ ಓಡಿಸಿದ. ಚಳಿಗೆ ಮೂಗು ಉದುರಿಹೋಗುವಂತಿದ್ದರೂ ಯಾರೂ ಗೊಣಗಲಿಲ್ಲ.

ಆಮೇಲೆ ಕಂಪನಿಗೆ ನಮ್ಮ ಸುರಕ್ಷತೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ವಿಮೆಯವರು ಹೇಳಿದರೆಂದು ಹೊಸ ಬಸ್ಸು ತಂದರು. ಅದರಲ್ಲಿ ಖಾಲಿ ಸೀಟೂ ಸೇರಿ ಎಲ್ಲ ಸೀಟಿನ ಬೆಲ್ಟು ಬೀಳುವವರೆಗೆ ಗೇರು ಬೀಳುವುದಿಲ್ಲ, ಬಸ್ಸು ಹೊರಟ ಮೇಲೆ ತುರ್ತು ಹಿಡಿಕೆ ಎಳೆಯದೆ ಬಾಗಿಲು ತೆರೆಯುವುದಿಲ್ಲ. ಚಾಲಕನ ಮುಂದೆ ಒಂದು ಹಲಗೆ, ಸೀಟಿಗೊಂದು ದೀಪ, ಬೆಲ್ಟು ಹಾಕಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಬೈರಿಗೆಯವರನ್ನು ಮನೆಗೆ ಕಳಿಸಿದರು. ದಪ್ಪ ಅಳೆಯಲು ಉಪಗ್ರಹವಿದೆ ಎಂದರು, ರಸ್ತೆಗೆ ತೂತು ಕೊರೆಯುವುದನ್ನು ಅಪರಾಧ ಮಾಡಿದರು. ಮುಳುಗುವ ಗಾಡಿಯಲ್ಲಿ ಮನುಷ್ಯರನ್ನು ಬಿಗಿದು ಕಟ್ಟಿ ಕೂರಿಸುವುದಕ್ಕೆ ಸುರಕ್ಷತೆ ಎಂದು ಹೆಸರು. ಹೊಟ್ಟೆ ಉರಿಯುತ್ತದೆ.

ಉಪಗ್ರಹ ಗಡ್ಡೆಯ ದಪ್ಪವನ್ನು ನೋಡುವುದಿಲ್ಲ. ಗಡ್ಡೆ ನೀರಿಗಿಂತ ಎಷ್ಟು ಮೇಲೆ ಎದ್ದಿದೆ ಎಂಬುದನ್ನಷ್ಟೇ ನೋಡುತ್ತದೆ. ತೇಲುವ ಗಡ್ಡೆ ಒಂದು ಪಾಲು ಮೇಲಿದ್ದರೆ ಹೆಚ್ಚುಕಡಿಮೆ ಒಂಬತ್ತು ಪಾಲು ನೀರಿನೊಳಗಿರುತ್ತದೆ, ಅದನ್ನು ಗುಣಿಸಿ ದಪ್ಪ ಹೇಳುತ್ತಾರೆ. ನಡುಗಡಲಿನಲ್ಲಿ ಈ ಲೆಕ್ಕ ಸರಿ. ನಮ್ಮ ಕೊಲ್ಲಿಯಾದರೋ ಇಕ್ಕಟ್ಟು, ಅಲ್ಲಿನ ಗಡ್ಡೆ ಎರಡೂ ಕಡೆಯ ಬಂಡೆಗೆ ಕಚ್ಚಿಕೊಂಡು ಹೆಪ್ಪುಗಟ್ಟಿರುತ್ತದೆ. ಅಡಿಯಿಂದ ಅದು ಸವೆದರೂ ಮೇಲ್ಮೈ ಕೆಳಗೆ ಇಳಿಯುವುದಿಲ್ಲ, ಎರಡು ಗೋಡೆಯ ಮೇಲೆ ಇಟ್ಟ ಹಲಗೆಯ ಹಾಗೆ ಅಲ್ಲೇ ನಿಂತಿರುತ್ತದೆ. ಉಪಗ್ರಹ ಮೇಲಿಂದ ನೋಡಿ, ಗಡ್ಡೆ ದಪ್ಪಗಿದೆ, ಹಾಯಾಗಿ ಹೋಗಿ ಎನ್ನುತ್ತದೆ. ನಡುಗಡಲನ್ನೇ ಓದಿ ಪಾಸಾದವರು ಮಾತ್ರ ಮಾಡಬಲ್ಲ ತಪ್ಪು ಇದು.

ಆ ವರ್ಷ ಹಡಗುಗಳ ಸಾಲು ಉದ್ದವಾಗಿತ್ತು, ಕಡಗೋಲುಗಳು ಪೂರ್ತಿ ವೇಗದಲ್ಲಿ ತಿರುಗುತ್ತಿದ್ದವು. ಫೆಬ್ರವರಿ ಮುಗಿಯುವ ಹೊತ್ತಿಗೆ ಕೊಲ್ಲಿಯ ಬಾಯಲ್ಲಿಟ್ಟ ನನ್ನ ಸೆನ್ಸರುಗಳು ಬೇರೆ ಮಾತಾಡತೊಡಗಿದವು. ಹೊರಗೆ ಕಡೆದ ಬೆಚ್ಚನೆಯ ನೀರು ಕೊಲ್ಲಿಯ ಸಿಹಿನೀರಿಗಿಂತ ಭಾರ. ಅದು ಸಿಹಿಪದರದ ಅಡಿಗೆ ನುಸುಳಿ ಒಳಗೆ ಬರುತ್ತಿತ್ತು, ಭರತ ಇಳಿತ ಆದಾಗಲೆಲ್ಲ ಆ ಪದರವನ್ನು ಚೂರುಚೂರೇ ತಿನ್ನುತ್ತಿತ್ತು. ಮಾರ್ಚಿನ ಮೊದಲ ವಾರಕ್ಕೆ ಪದರವೆಂಬುದೇ ಉಳಿಯಲಿಲ್ಲ, ಶಾಖ ನೇರವಾಗಿ ಗಡ್ಡೆಯ ತಳಕ್ಕೆ ತಾಗುತ್ತಿತ್ತು. ಅಷ್ಟು ಶಾಖಕ್ಕೆ ಎಷ್ಟು ಗಡ್ಡೆ ಕರಗಬೇಕೆಂದು ಲೆಕ್ಕ ಹಾಕಿದೆ. ನನ್ನ ಲೆಕ್ಕದ ಪ್ರಕಾರ ಕೊಲ್ಲಿಯ ನಡುವೆ ಬಸ್ಸಿನ ಭಾರ ಹೊರುವಷ್ಟು ಗಡ್ಡೆ ಇರಲಿಲ್ಲ. ಪಕ್ಕದ ಪರದೆಯಲ್ಲಿ ರಸ್ತೆ ಸರಿ ಎನ್ನುವ ಉಪಗ್ರಹದ ಹಸಿರು ದೀಪ ಉರಿಯುತ್ತಿತ್ತು, ನನ್ನ ಗಂಡ ಬಸ್ ನಿಲ್ದಾಣದಲ್ಲೂ ಉರಿಯುವ ಅದೇ ಹಸಿರು ನೋಡಿ ದಿನಕ್ಕೆ ನಾಲ್ಕು ಸಲ ನಲವತ್ತು ಜನರನ್ನು ಕೂರಿಸಿಕೊಂಡು ಹೋಗಿಬರುತ್ತಿದ್ದ.

ನಿರ್ದೇಶಕ ಡಾ. ಜಯಸಿಂಹರ ಹತ್ತಿರ ಹೋದೆ. ಮೈಸೂರಿನವರು, ಮೆತ್ತಗೆ ಮಾತಾಡುವವರು, ಧ್ರುವದ ಕಡಲಿನ ಮೇಲೆ ದೊಡ್ಡ ಪುಸ್ತಕ ಬರೆದವರು. ವಯಸ್ಸಿನಲ್ಲಿ ಇದೇ ಗಡ್ಡೆಯ ಮೇಲೆ ತಿಂಗಳುಗಟ್ಟಲೆ ಡೇರೆ ಹಾಕಿದ್ದವರು. ಅವರಿಗೆ ನಾನು ಹೇಳಿದ್ದು ಅರ್ಥವಾಗಲಿಲ್ಲ ಎಂದರೆ ನಾನು ನಂಬುವುದಿಲ್ಲ. ಪೂರ್ತಿ ಕೇಳಿದರು, ನಡುನಡುವೆ ತಲೆಯಾಡಿಸಿದರು, ಗೋಡೆಯ ಮೇಲಿಟ್ಟ ಹಲಗೆಯ ಹೋಲಿಕೆ ಹೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಿ ಕುಮುದಾ, ನೀವು ಹೇಳ್ತಿರೋದರಲ್ಲಿ ತರ್ಕ ಇದೆ," ಎಂದರು. "ಆದ್ರೆ ಒಂದು ಕಡೆ ಸೆನ್ಸರ್ ಮಾತು ಕೇಳ್ಕೊಂಡು ರಸ್ತೆ ಮುಚ್ಚೋಕಾಗಲ್ಲ. ಮುಚ್ಚಿದ್ರೆ ಏನೇನು ನಿಲ್ಲುತ್ತೆ ಅಂತ ನಿಮಗೂ ಗೊತ್ತಿದೆ."

ಗೊತ್ತಿತ್ತು. ಕಡಗೋಲುಗಳನ್ನು ಹೂಡಲು ಕೊಲ್ಲಿಯ ಹಳೆಯ ಮನೆತನಗಳು ಒಪ್ಪಿದ್ದೇ ಒಂದು ಷರತ್ತಿನ ಮೇಲೆ. ಗಡ್ಡೆ ತೆಳುವಾಯಿತೆಂದು ಹಿಮರಸ್ತೆ ಮುಚ್ಚಿದ ದಿನ ಕಡಗೋಲುಗಳು ನಿಲ್ಲಬೇಕು, ಗಡ್ಡೆ ಮತ್ತೆ ಬಲಿಯುವವರೆಗೆ ತಿರುಗಬಾರದು. ಹೊರಗೆ ಹಡಗುಗಳು ಸಾಲುಗಟ್ಟಿ ನಿಂತಿದ್ದವು. ಹಾಗಾದರೆ ನಡುವಿನಲ್ಲಿ ಒಂದೇ ಒಂದು ತೂತು ಕೊರೆಸಿ ನೋಡಿ, ನನ್ನ ಲೆಕ್ಕ ಸುಳ್ಳಾದರೆ ನನ್ನನ್ನು ಊರಿಗೆ ಕಳಿಸಿ ಎಂದೆ. ಅದಕ್ಕೆ ಸಮಿತಿಯ ಒಪ್ಪಿಗೆ ಬೇಕು, ಸಮಿತಿ ಕೂಡುವುದು ಮುಂದಿನ ತಿಂಗಳ ಕೊನೆಗೆ ಎಂದರು. ಅಷ್ಟು ಹೊತ್ತಿಗೆ ಸೂರ್ಯ ಏರಿ ಗಡ್ಡೆ ತಾನಾಗಿಯೇ ಸಡಿಲವಾಗುತ್ತದೆ, ಆಗ ಹೇಗೂ ರಸ್ತೆ ಮುಚ್ಚುತ್ತಾರೆ, ಯಾರನ್ನೂ ದೂರುವ ಹಾಗಿರುವುದಿಲ್ಲ. ಅಷ್ಟರವರೆಗೆ ಗಡ್ಡೆ ತಾಳಿದರೆ ಅವರ ಪುಣ್ಯ, ತಾಳದಿದ್ದರೆ ನಮ್ಮ ಕರ್ಮ. ಆ ಮೆತ್ತಗಿನ ಮಾತಿನ ಅರ್ಥ ಇಷ್ಟೇ ಆಗಿತ್ತು.

ಮನೆಗೆ ಬಂದಾಗ ರಾಚಪ್ಪ ಒಲೆಯ ಮುಂದೆ ನಿಂತು ಕಡಲೆಹಿಟ್ಟಿನ ಝುಣಕವನ್ನು ಕೈಯಾಡಿಸುತ್ತಿದ್ದ. ಅಂದು ಅವನ ಸರದಿ. ನಾನು ಕೋಟು ಬಿಚ್ಚುವ ಮೊದಲೇ ಎಲ್ಲ ಹೇಳಿದೆ, ನಾಳೆ ಬಸ್ಸು ತೆಗೆಯಬೇಡಿ ಎಂದೆ. ಅವನು ಒಲೆ ಆರಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಇವತ್ತೇ ನಾಲ್ಕು ಸಲ ಹೋಗಿಬಂದೆ, ಗಡ್ಡೆ ಕಿರ್ ಎನ್ನಲಿಲ್ಲ, ರಸ್ತೆಗೆ ಹಸಿರು ಬಿದ್ದ ಮೇಲೆ ಬಸ್ಸು ಬಿಡುವುದು ತನ್ನ ಡ್ಯೂಟಿ ಎಂದ. ಊರಲ್ಲೂ ಅವನು ಹೀಗೆಯೇ. ಕಂಡಕ್ಟರ್ ಸೀಟಿ ಊದಿದರೆ ಮುಗಿಯಿತು, ಹಿಂದೆ ಯಾರು ಓಡಿಬರುತ್ತಿದ್ದಾರೆಂದು ನೋಡುವವನಲ್ಲ.

"ನಿನ್ನ ಲೆಕ್ಕ ಖರೇನ ಇರಬಹುದು, ನಾ ಸುಳ್ಳಂತ ಅನ್ನಾಂಗಿಲ್ಲ," ಎಂದ. "ಆದ್ರ ನಾ ಡ್ರೈವರ್ ಅದೀನಿ. ರಸ್ತಾ ಚಲೋ ಐತಿ ಅಂತ ಮ್ಯಾಲಿನವ್ರು ಹೇಳಿದ ಮ್ಯಾಲ, ನನ್ನ ಹೇಣ್ತಿ ಬ್ಯಾಡಂದ್ಲು ಅಂತ ನಾ ಬಸ್ಸು ನಿಂದರಿಸ್ಲೇನು?"

"ನಿಂದರಿಸ್ರಿ. ಹೇಣ್ತಿ ಹೇಳಿದ್ಲು ಅಂತನ ಹೇಳ್ರಿ. ನಗೂದಾದ್ರ ನಗಲಿ."

ಅವನು ಝುಣಕವನ್ನು ಎರಡು ತಾಟಿಗೆ ಬಡಿಸಿದ, ರೊಟ್ಟಿ ತಂದಿಟ್ಟ. ನಾನು ಉಣ್ಣಲಿಲ್ಲ. ಸಿಟ್ಟು ಅವನ ಮೇಲಿತ್ತೋ ಆ ಹಸಿರು ದೀಪದ ಮೇಲಿತ್ತೋ ಈಗ ಹೇಳಲಾರೆ. ಕಣ್ಣಿಗೆ ಮಾತ್ರ ಬಸ್ಸಿನ ಮುಚ್ಚಿದ ಬಾಗಿಲೇ ಕಾಣುತ್ತಿತ್ತು. ಒಳಗೆ ಅವನು, ಎದೆಯ ಮೇಲೆ ಅಡ್ಡಡ್ಡ ಬೆಲ್ಟು. ಅವನನ್ನು ಕಳೆದುಕೊಳ್ಳುವ ಭಯ ಎಂಥದೆಂದು ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ತಿಳಿಯಿತು.

ಬೆಳಿಗ್ಗೆ ಅವನಿಗಿಂತ ಮೊದಲೇ ಎದ್ದು ಬಸ್ ನಿಲ್ದಾಣಕ್ಕೆ ಹೋದೆ. ಪಾಳಿಗೆ ಹೊರಟವರು ಒಬ್ಬೊಬ್ಬರೇ ಬರುತ್ತಿದ್ದರು. ಬಂದವರಿಗೆಲ್ಲ ಹೇಳಿದೆ. ಪದರ, ಶಾಖ, ಉಪಗ್ರಹ ಎಂದು ಶುರುಮಾಡಿದಾಗ ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಕೆಳಗೆ ಟೊಳ್ಳಾಗಿದೆ, ಮೇಲೆ ಗೊತ್ತಾಗುವುದಿಲ್ಲ ಎಂದಾಗ ಕಾಣಿಸಿತು. ಲಾಂಡ್ರಿಯ ನೀಲವ್ವ, ಬೆಟಗೇರಿಯವಳು, ನಾನು ಹತ್ತುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತಳು. ಅವಳ ಪಕ್ಕಕ್ಕೆ ಮತ್ತಿಬ್ಬರು ಕೂತರು. ಉಳಿದವರು ಪಾಳಿ ತಪ್ಪಿದರೆ ಕೆಲಸ ಹೋದೀತೆಂದು ನಿಂತೇ ಇದ್ದರು. ರಾಚಪ್ಪ ಬಸ್ಸು ತಂದು ನಿಲ್ಲಿಸಿದ, ನನ್ನನ್ನು ನೋಡಿ ಮುಖ ಗಂಟು ಹಾಕಿಕೊಂಡ, ರೇಡಿಯೋದಲ್ಲಿ ವಿಷಯ ತಿಳಿಸಿದ.

ಹೊತ್ತಾಗಲಿಲ್ಲ, ಗುಡ್ಡದಿಂದ ಡಾ. ಜಯಸಿಂಹರೇ ಇಳಿದು ಬಂದರು. ನನ್ನ ಕಡೆ ನೋಡಲಿಲ್ಲ. ಜನರನ್ನು ಸುತ್ತ ನಿಲ್ಲಿಸಿಕೊಂಡು ಅರ್ಧ ಗಳಿಗೆ ಮಾತಾಡಿದರು. ಎಲ್ಲರಿಗೂ ಮನೆಯಲ್ಲಿ ಮಕ್ಕಳಿರುವುದು ತಮಗೆ ಗೊತ್ತಿದೆ ಎಂದರು, ವಿಜ್ಞಾನ ಭಯದ ಮೇಲೆ ನಡೆಯುವುದಿಲ್ಲ ಎಂದರು.  ಅವರ ಮಾತು ಮುಗಿದ ಮೇಲೆ ನಾನು ಕೇಳಿದೆ.

"ಹಂಗಾರ ನೀವೂ ಹತ್ರಿ ಸರ್. ಇವರ ಜೋಡಿ ಒಮ್ಮೆ ಹೋಗಿ ಬರ್ರಿ."

ಜನರೆಲ್ಲ ಅವರನ್ನು ನೋಡಿದರು. ಇಲ್ಲ ಎನ್ನುವ ದಾರಿ ಅವರಿಗಿರಲಿಲ್ಲ. ಧಾರಾಳವಾಗಿ ಎಂದು ನಕ್ಕು ಹತ್ತಿ ಮೊದಲನೇ ಸೀಟಿನಲ್ಲಿ ಕೂತರು. ಅದನ್ನು ಕಂಡು ನಿಂತವರು ಹತ್ತಿದರು, ಕಟ್ಟೆಯ ಮೇಲೆ ಕೂತಿದ್ದ ನೀಲವ್ವನೂ ಎದ್ದು ಹತ್ತಿದಳು.  ಡಾ. ಜಯಸಿಂಹರು ಹಿಂಜರಿಯುತ್ತಾರೆಂದು ಎಣಿಸಿದ್ದೆ, ನನ್ನ ಮಾತಿನಿಂದಲೇ ಈಗ ಎಲ್ಲರೂ ಒಳಗೆ ಹೋಗಿದ್ದರು. ನಾನೂ ಹತ್ತಿದೆ. ಗಂಡನನ್ನು ಅಲ್ಲಿ ಬಿಟ್ಟು ದಡದ ಮೇಲೆ ನಿಲ್ಲುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಟಕ್ ಟಕ್ ಎಂದು ಬೆಲ್ಟುಗಳು ಬಿದ್ದವು. ಹಲಗೆಯಲ್ಲಿ ದೀಪಗಳು ಹಸಿರಾಗುತ್ತ ಬಂದವು. ರಾಚಪ್ಪ ಗೇರಿಗೆ ಕೈ ಹಾಕಿದ, ಬೀಳಲಿಲ್ಲ. ಹಲಗೆ ನೋಡಿದ. ಎಲ್ಲ ಹಸಿರು, ಒಂದು ಮಾತ್ರ ಕೆಂಪು, ಮೊದಲನೇ ಸೀಟು. ತಿರುಗಿ ನೋಡಿದ. ಡಾ. ಜಯಸಿಂಹರ ಎದೆಯ ಮೇಲೆ ಬೆಲ್ಟು ಇತ್ತು. ಅದರ ತುದಿಯನ್ನು ಕೊಂಡಿಗೆ ಸಿಕ್ಕಿಸಿರಲಿಲ್ಲ, ತೊಡೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದರು. ಬಾಗಿಲ ಪಕ್ಕದ ಸೀಟು, ತಲೆಯ ಮೇಲೆಯೇ ಬಾಗಿಲು ಬಿಡಿಸುವ ತುರ್ತು ಹಿಡಿಕೆ.

"ಸರ್, ನಿಮ್ಮ ಬೆಲ್ಟು," ಎಂದ ರಾಚಪ್ಪ.

ಅವರು ಕೈ ಸರಿಸಲಿಲ್ಲ.

"ಹಾಕ್ಕೊಳ್ರಿ ಸರ್. ನೀವು ಹಾಕ್ಕೊಳ್ಳೋ ತನಕ ಬಸ್ಸು ಹೊಂಡಾಂಗಿಲ್ಲ."

ಅವರ ಬೆರಳುಗಳು ಆ ಲೋಹದ ತುದಿಯನ್ನು ಕೊಂಡಿಯ ಹತ್ತಿರ ಒಯ್ದವು, ಅಲ್ಲೇ ನಿಂತವು. ಹಿಂದೆ ಕೂತವರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ಗಡ್ಡೆಯ ಮೇಲೆ ಬೆಲ್ಟು ಬಿಚ್ಚಿರಬೇಕೆಂಬ ಹಳೆಯ ಕಟ್ಟುಪಾಡು ಆ ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲೋ ಹಿಂದೆ ಒಂದು ಬೆಲ್ಟು ಬಿಚ್ಚಿದ ಸದ್ದಾಯಿತು, ಅದರ ಹಿಂದೆ ಮತ್ತೊಂದು. ಹಲಗೆ ಪೂರ್ತಿ ಕೆಂಪಾಯಿತು. ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರೇ ಅವರ ಸೀಟನ್ನು ದಾಟಿ ಇಳಿದು ಹೋದರು. ನೀಲವ್ವ ಅವರ ಮುಂದೆ ಒಂದು ಕ್ಷಣ ನಿಂತು, "ನಮ್ಮನ್ನ ಕಟ್ಟಿ ಕುಂಡ್ರಿಸಿ ನೀವು ಬಿಚ್ಚಿಕೊಂಡು ಕುಂತೀರಲ್ರೀ," ಎಂದಳು. ಅಷ್ಟೇ ಹೇಳಿದಳು.

ಎಲ್ಲರೂ ಇಳಿದ ಮೇಲೆ ಅವರೂ ಇಳಿದರು. ಈಗಲಾದರೂ ನಿಜ ಹೇಳುತ್ತಾರೆಂದು ನಾನು ಕಾದೆ. ಅವರು ರೇಡಿಯೋ ತೆಗೆದು ನಿಯಂತ್ರಣ ಕೊಠಡಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. "ಇವತ್ತು ರಸ್ತೆ ಸಂಚಾರ ಇಲ್ಲ. ಕಾರಣ, ಕಾರ್ಮಿಕರು ಬಸ್ ಹತ್ತೋಕೆ ನಿರಾಕರಿಸಿದ್ದಾರೆ. ಐಸ್ ಸ್ಥಿತಿ ಸಾಮಾನ್ಯ. ಮಿಶ್ರಕಗಳು ನಡೀಲಿ."

ಪ್ರಾಣ ಉಳಿಸಿಕೊಂಡದ್ದು ನಮ್ಮ ಅಪರಾಧವಾಯಿತು. ನಾಳೆ ಸಂಬಳ ಹಿಡಿಯುತ್ತೇವೆಂದು ಹೆದರಿಸಿದರೆ ಇದೇ ಜನ ಇದೇ ಬಸ್ಸಿಗೆ ಮತ್ತೆ ಹತ್ತಲೇಬೇಕು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಏನೇನು ಅಂದೆನೋ ನೆನಪಿಲ್ಲ, ನೆನಪಿದ್ದರೂ ಬರೆಯುವಂಥದ್ದಲ್ಲ. ಅವರು ಶಾಂತವಾಗಿ, "ನೀವು ಭಾವುಕರಾಗಿದ್ದೀರಿ," ಎಂದರು.

ಆಗ ಬಸ್ಸಿನೊಳಗಿನಿಂದ ಟಕ್ ಟಕ್ ಎಂಬ ಸದ್ದು ಕೇಳಿತು. ರಾಚಪ್ಪ ಒಳಗೇ ಇದ್ದ. ಒಂದೊಂದೇ ಸೀಟಿಗೆ ಬಗ್ಗಿ ಖಾಲಿ ಬೆಲ್ಟುಗಳನ್ನು ಕೊಂಡಿಗೆ ಹಾಕುತ್ತಿದ್ದ. ಅವಸರವಿಲ್ಲದೆ, ಹಿಂದಿನ ಸಾಲಿನಿಂದ ಮುಂದಕ್ಕೆ, ದಿನಾ ಬಸ್ಸು ಗುಡಿಸುವವನ ಹಾಗೆ. ಕೊನೆಗೆ ಮೊದಲನೇ ಸೀಟಿನದನ್ನೂ ಹಾಕಿದ. ಚಾಲಕನ ಜಾಗಕ್ಕೆ ಬಂದು ತನ್ನ ಬೆಲ್ಟನ್ನು ಖಾಲಿ ಸೀಟಿನ ಬೆನ್ನಿಗೆ ಅಡ್ಡ ಎಳೆದು ಸಿಕ್ಕಿಸಿದ. ಅದರ ಮುಂದೆ ಕೂತು ಗೇರು ಹಾಕಿದ, ಬಾಗಿಲು ಮುಚ್ಚಿಕೊಂಡಿತು. ನಾನು ಅವನ ಹೆಸರು ಹಿಡಿದು ಕೂಗಿದೆ. ಮದುವೆಯಾದ ಮೇಲೆ ಹಾಗೆ ಕೂಗಿದ್ದು ಅದೊಂದೇ ಸಲ. ಬಸ್ಸು ದಡದ ಇಳಿಜಾರಿನಲ್ಲಿ ಹೊರಟಿತು, ಅವನು ಪಕ್ಕದ ಕಿಟಕಿಯಿಂದ ಮೊದಲು ಕಾಲು, ಆಮೇಲೆ ಮೈ ಹೊರಹಾಕಿ ಹಿಮದ ರಾಶಿಗೆ ಬಿದ್ದ.

ಬಸ್ಸು ತನ್ನ ಪಾಡಿಗೆ ಗಡ್ಡೆಯ ಮೇಲೆ ಹೋಯಿತು, ದಿನಾ ಹೋಗುವ ಗಾಲಿಗುರುತಿನ ಮೇಲೆಯೇ. ದಡದ ಹತ್ತಿರ ಗಡ್ಡೆ ತಾಳಿತು. ನಿಂತವರೆಲ್ಲ ನೋಡುತ್ತಿದ್ದೆವು. ತಾಳಲಿ ಎಂದು ನನ್ನ ಮನಸ್ಸು, ಒಡೆಯಲಿ ಎಂದೂ ಅದೇ ಮನಸ್ಸು. ನಡುವಿನ ಹತ್ತಿರ ಹೋದಾಗ ಮುಂದಿನ ಭಾಗ ಸುಮ್ಮನೆ ತಗ್ಗಿತು. ದೊಡ್ಡ ಸದ್ದೇನೂ ಆಗಲಿಲ್ಲ. ಕಪ್ಪುನೀರು ಮೇಲೆ ಬಂತು, ಬಸ್ಸು ಹಿಂಭಾಗ ಎತ್ತಿ ಒಳಗೆ ಹೋಯಿತು. ಹೊರಗೆ ಹಾರಲು ಎಷ್ಟು ಹೊತ್ತು ಸಿಗುತ್ತಿತ್ತೆಂದು ನಾವೆಲ್ಲ ಕಣ್ಣಾರೆ ನೋಡಿದೆವು. ನೀಲವ್ವ ನನ್ನ ತೋಳು ಹಿಡಿದುಕೊಂಡು ಅಳುತ್ತಿದ್ದಳು.

ರಾಚಪ್ಪ ಕುಂಟುತ್ತ ಬಂದು ಡಾ. ಜಯಸಿಂಹರ ಮುಂದೆ ನಿಂತ. "ಈಗ ಹೇಳ್ರಿ ಸರ್," ಎಂದ. "ರಸ್ತಾ ಯಾಕ ಬಂದ್ ಆತು ಅಂತ ಈಗ ಹೇಳ್ರಿ."

ಆ ಮಧ್ಯಾಹ್ನ ಕಡಗೋಲುಗಳು ನಿಂತವು. ಕೊಲ್ಲಿಯ ಮನೆತನದವರು ನಿಯಂತ್ರಣ ಕೊಠಡಿಯ ಬಾಗಿಲಿಗೆ ಬಂದು ಕೂತಿದ್ದರು, ನಿಲ್ಲಿಸದೆ ವಿಧಿಯಿರಲಿಲ್ಲ. ನನ್ನನ್ನು ಕೆಲಸದಿಂದ ತೆಗೆದರು. ರಾಚಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋದರು, ಕಂಪನಿ ಅವನ ಮೇಲೆ ಮೊಕದ್ದಮೆ ಹೂಡಿತು.

ವಿಚಾರಣೆಯ ದಿನ ನಾನು ಮುಂದಿನ ಬೆಂಚಿನಲ್ಲೇ ಕೂತಿದ್ದೆ. ಕಂಪನಿಯ ವಕೀಲರು ಎದ್ದು ನಿಂತು ವಾದ ಶುರುಮಾಡಿದರು. ಗಡ್ಡೆ ಬಸ್ಸಿನ ಭಾರ ತಾಳುವುದಿಲ್ಲವೆಂದು ಆ ಬೆಳಿಗ್ಗೆ ಚೆನ್ನಾಗಿ ಗೊತ್ತಿದ್ದೂ ಆರೋಪಿ ಕಂಪನಿಯ ವಾಹನವನ್ನು ಅದರ ಮೇಲೆ ಬಿಟ್ಟಿದ್ದಾನೆ, ಇದು ಆಕಸ್ಮಿಕವಲ್ಲ, ಅರಿತು ಮಾಡಿದ ಅಪರಾಧ ಎಂದರು. ನ್ಯಾಯಾಧೀಶರು ರಾಚಪ್ಪನನ್ನು ಕೇಳಿದರು. ಅವನ ಮಾತನ್ನು ಅನುವಾದಿಸಲು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿದ್ದರು. ಅವನು ಎರಡೂ ಕೈಯಲ್ಲಿ ಕಟಕಟೆ ಹಿಡಿದುಕೊಂಡು ನಿಧಾನವಾಗಿ ಹೇಳಿದ.

"ಖರೆ ಐತ್ರಿ. ಗೊತ್ತಿದ್ದೂ ಬಿಟ್ಟೀನಿ, ಖಾಲಿ ಬಸ್ಸು ಬಿಟ್ಟೀನಿ. ನಲವತ್ತು ಮಂದೀನ ಕಟ್ಟಿ ಕುಂಡ್ರಿಸಿ ಬಿಡು ಅಂತ ಹೇಳಿದಾಗ ಯಾರ್ಯಾರಿಗೆ ಗೊತ್ತಿತ್ತು, ಅದನ್ನೂ ಒಂದ್ ಮಾತು ಕೇಳ್ರಿ."

ಅನುವಾದ ಮುಗಿಯುವವರೆಗೆ ವಕೀಲರು ನಿಂತೇ ಇದ್ದರು, ಆಮೇಲೆ ಕೂತರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ಸಾಕ್ಷಿಗಳ ಬೆಂಚಿನ ಕಡೆ ನೋಡಿ, ಆ ಬೆಳಿಗ್ಗೆ 'ಐಸ್ ಸ್ಥಿತಿ ಸಾಮಾನ್ಯ' ಎಂದಿದ್ದ ಡಾ. ಜಯಸಿಂಹರನ್ನು ಕರೆದರು.